ರ‍್ಯಾಮ್ ಮೇಲಿನ ಸ್ಟಿಕ್ಕರ್ ಓದಿದ್ದೀರಾ?

"ಏನಪ್ಪಾ, ರ‍್ಯಾಮ್ ಹಾಕಿದ್ಮೇಲೆ ಇದು ಆನ್ ಆಗ್ತಾನೇ ಇಲ್ಲ" ಎನ್ನುತ್ತಾ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟರು. ಇಂಟೆಲ್ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿಯ ತಾತ್ಕಾಲಿಕ ಮೆಮೊರಿ ಅಂದರೆ ರ‍್ಯಾಮ್. ಮಗ ಆನ್‌ಲೈನ್‌ನಲ್ಲಿ 8 ಜಿಬಿಯದು ತರಿಸಿ, ವಿಡಿಯೊ ನೋಡಿಕೊಂಡು ತಾನೇ ಬದಲಾಯಿಸಿದ್ದ. ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಮದರ್‌ಬೋರ್ಡ್ ಹೋಯಿತೇನೋ ಎಂದು ಮೇಷ್ಟ್ರಿಗೆ ಗಾಬರಿ.

ಹಳೆಯ ರ‍್ಯಾಮ್ ಹಾಕಿದೆ, ಆನ್ ಆಯಿತು. ಹೊಸದರ ಸ್ಟಿಕ್ಕರ್ ಓದಿದೆ: 8ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್. ತಕರಾರು ಅಲ್ಲೇ ಇತ್ತು.

ಪಿಸಿ3 ಎಂದರೆ ಡಿಡಿಆರ್3 ಎಂಬ ತಲೆಮಾರಿನ ಮೆಮೊರಿ. ಪಕ್ಕದ 'ಎಲ್' ಎಂದರೆ 1.35 ವೋಲ್ಟ್‌ನಲ್ಲೂ ಓಡುವಂಥದ್ದು. ಎಲ್ ಇಲ್ಲದ್ದಕ್ಕೆ 1.5 ವೋಲ್ಟ್ ಬೇಕು. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಎಲ್ ಇರುವುದನ್ನೇ ಕೇಳುತ್ತವೆ. 12800 ಎಂದರೆ 1600ರ ಸ್ಪೀಡ್. ಇಷ್ಟೂ ಸರಿಯಾಗಿಯೇ ಇತ್ತು. ಯಾರೂ ನೋಡದೇ ಬಿಡುವುದು ಆ 1ಆರ್‌ಎಕ್ಸ್8 ಅನ್ನು. ಹಾಗೆಂದರೆ ಎಂಟೇ ಚಿಪ್, ಒಂದೊಂದರಲ್ಲೂ 1 ಜಿಬಿ. 2ಆರ್‌ಎಕ್ಸ್8 ಆದರೆ ಹದಿನಾರು ಚಿಪ್, ಒಂದೊಂದರಲ್ಲಿ ಅರ್ಧ ಜಿಬಿ. ಎರಡೂ 8 ಜಿಬಿಯೇ, ಆದರೆ ಇಂಟೆಲ್ ನಾಲ್ಕನೇ ತಲೆಮಾರಿನವರೆಗಿನ ಪ್ರೊಸೆಸರ್‌ಗಳಿಗೆ ಡಿಡಿಆರ್3ಯ ಆ 1 ಜಿಬಿ ಚಿಪ್ಪನ್ನು ಗುರುತಿಸಲು ಬರುವುದಿಲ್ಲ. ಮೆಮೊರಿ ನೋಡಿಕೊಳ್ಳುವ ಭಾಗ ಪ್ರೊಸೆಸರ್ ಒಳಗೇ ಇರುವುದರಿಂದ ಬಯೋಸ್ (ಆನ್ ಆದೊಡನೆ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೂ ಪ್ರಯೋಜನವಿಲ್ಲ. ಹಾಗಾಗಿ ಇಂಥ ಲ್ಯಾಪ್‌ಟಾಪ್ ಇದ್ದವರು ಅಂಗಡಿಯಲ್ಲಿ "8 ಜಿಬಿ, ಹದಿನಾರು ಚಿಪ್‌ದು ಕೊಡಿ" ಎಂದೇ ಕೇಳಬೇಕು.

ಡಿಡಿಆರ್4 ತಪ್ಪಿ ತಂದರೆ ಅಷ್ಟು ತಲೆನೋವಿಲ್ಲ. ಅದರಲ್ಲಿ 260 ಪಿನ್, ಡಿಡಿಆರ್3ಯಲ್ಲಿ 204. ಮಧ್ಯದ ಕಚ್ಚು ಕೂಡ ಬೇರೆ ಜಾಗದಲ್ಲಿರುತ್ತದೆ. ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ.

ಅಷ್ಟಕ್ಕೂ ರ‍್ಯಾಮ್ ಬೇಕೇ ಬೇಕಾ? ದಿನಾ ಮಾಡುವ ಕೆಲಸವೆಲ್ಲ ತೆರೆದಿಟ್ಟುಕೊಂಡು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡಿ. ಮೆಮೊರಿ 90% ದಾಟಿದ್ದರೆ ಬೇಕು. ಮೆಮೊರಿ ಅರ್ಧ ಖಾಲಿಯಿದ್ದು ಹಳೆಯ ಹಾರ್ಡ್ ಡಿಸ್ಕ್ 100% ಕೆಲಸದಲ್ಲಿದೆ ಎಂದು ತೋರಿಸುತ್ತಿದ್ದರೆ ಆ ದುಡ್ಡನ್ನು ಅದರ ಬದಲಿಗೆ ಕೂರುವ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಹಾಕಿ. ನನ್ನ ಹತ್ತಿರ ರ‍್ಯಾಮ್ ಕೇಳಿಕೊಂಡು ಬರುವ ಎಷ್ಟೋ ಜನರನ್ನು ಹೀಗೇ ಎಸ್‌ಎಸ್‌ಡಿ ಕಡೆ ತಿರುಗಿಸಿದ್ದೇನೆ. ವಿಂಡೋಸ್ 32 ಬಿಟ್‌ನದಾಗಿದ್ದರೆ ಎಷ್ಟು ಹಾಕಿದರೂ 4 ಜಿಬಿಯ ಒಳಗೇ ಬಳಕೆ. ಸ್ಲಾಟ್ ಎಷ್ಟಿದೆ ಎಂಬುದೂ ಅದೇ ಮೆಮೊರಿ ಪುಟದಲ್ಲಿ ಸಿಗುತ್ತದೆ. ಆದರೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ, ಹಿಂದಿನ ಮುಚ್ಚಳ ಬಿಚ್ಚಿಯೇ ನೋಡುತ್ತೇನೆ. ಕೆಲವದರಲ್ಲಿ ಒಂದು ಸ್ಲಾಟ್ ಕೀಬೋರ್ಡ್ ಕೆಳಗೆ ಅಡಗಿರುತ್ತದೆ. ತೆಳ್ಳನೆಯ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ.

ಹಾಕುವುದು ದೊಡ್ಡ ವಿದ್ಯೆಯಲ್ಲ. ಚಾರ್ಜರ್ ತೆಗೆಯಿರಿ, ಬ್ಯಾಟರಿಯನ್ನೂ ತೆಗೆಯಿರಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಯಾವುದಾದರೂ ಲೋಹ ಮುಟ್ಟಿ ಮೈಯಲ್ಲಿರುವ ಸ್ಟ್ಯಾಟಿಕ್ ಕಳೆದುಕೊಳ್ಳಿ. ರ‍್ಯಾಮನ್ನು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಪಟ್ಟಿ ಹೆಚ್ಚುಕಡಿಮೆ ಕಾಣದಂತಾಗುವವರೆಗೆ ಒಳಗೆ ತಳ್ಳಿ. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಪಕ್ಕದ ಕ್ಲಿಪ್ ಟಕ್ ಎನ್ನುತ್ತವೆ. ಟಕ್ ಅನ್ನದಿದ್ದರೆ ಜೋರು ಮಾಡಬೇಡಿ, ತೆಗೆದು ಮತ್ತೆ ಹಾಕಿ. ಮೊದಲ ಸಲ ಸ್ಕ್ರೀನ್ ಬರಲು ಸ್ವಲ್ಪ ಜಾಸ್ತಿ ಹೊತ್ತಾಗಬಹುದು. ಒಂದು ನಿಮಿಷ ಸುಮ್ನೆ ಕಾಯಿರಿ.

ಮೇಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಸ್ಲಾಟ್ ಖಾಲಿಯಿತ್ತು. ಹಳೆಯ 4 ಜಿಬಿ ಹಾಗೇ ಬಿಟ್ಟು, ಹದಿನಾರು ಚಿಪ್ಪಿನ 8 ಜಿಬಿಯದನ್ನು ಪಕ್ಕದಲ್ಲಿ ಕೂರಿಸಿದೆ. ಒಟ್ಟು 12 ತೋರಿಸಿತು.

"ಮತ್ತೆ ಇದನ್ನೇನು ಮಾಡ್ಲಿ?" ಎಂದು ಮಗ ತರಿಸಿದ್ದನ್ನು ತೋರಿಸಿದರು.

"ವಾಪಸ್ ಕಳಿಸಿ ಸಾರ್, ಇನ್ನೂ ಟೈಮ್ ಇದೆ ಅಲ್ವಾ?"

"ಬಾಕ್ಸೂ ಬಿಲ್ಲೂ ಮೊನ್ನೆಯೇ ಕಸದ ಗಾಡಿಗೆ ಹೋಯ್ತಪ್ಪಾ."