ಆಪರೇಷನ್ ಆದ ಮಾರನೆಯ ದಿನವೇ ನಡೆಸುವುದೇ?

ಪ್ರಶ್ನೆ: ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಸ್ತನ ತೆಗೆದು, ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಅಲ್ಲಿಯೇ ಹೊಸದನ್ನು ಕಟ್ಟುತ್ತಾರಂತೆ. ಮಾರನೆಯ ದಿನವೇ ಎಬ್ಬಿಸಿ ನಡೆಸುತ್ತಾರಂತೆ. ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲವೇ? ಹಾಸಿಗೆ ಖಾಲಿ ಮಾಡಿಸುವ ಆತುರವೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ತಪ್ಪಿದೆ. ಇದು ಆತುರವಲ್ಲ, ಪದ್ಧತಿ. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಬೆಳೆಸಿದ್ದು ಇದು. ಆಪರೇಷನ್ ಆದವರು ಬೇಗ ಚೇತರಿಸಿಕೊಳ್ಳುವ ಕ್ರಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ವೈದ್ಯರ ಸಂಘ ‘ಎರಾಸ್ ಸೊಸೈಟಿ’. ಸ್ತನ ಮರುನಿರ್ಮಾಣಕ್ಕೆಂದೇ ಅದರ ಶಿಫಾರಸುಗಳು ಬಂದದ್ದು 2017ರಲ್ಲಿ. ಮೊದಲ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಬೇಕೆಂಬುದು ಅವುಗಳಲ್ಲೊಂದು.

ನಮ್ಮಲ್ಲಿ ಆಪರೇಷನ್ ಎಂದರೆ ಬಾಣಂತನದ ಹಾಗೆ: ಕಿವಿಗೆ ಹತ್ತಿ, ಮಂಚದಿಂದ ಕಾಲು ಕೆಳಗಿಡಕೂಡದು. ಹೊಲಿಗೆ ಒಣಗುವವರೆಗೆ ಮಲಗಿದ್ದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ. ಮಾಯುವುದಿಲ್ಲ. ಮಲಗಿದಲ್ಲೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ಹರಿವು ನಿಧಾನವಾಗುತ್ತದೆ, ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಕ್ಯಾನ್ಸರ್ ಇದ್ದವರಿಗೆ, ಅದರಲ್ಲೂ ಗಂಟೆಗಟ್ಟಲೆ ಟೇಬಲ್ ಮೇಲೆ ಮಲಗಿ ಬಂದವರಿಗೆ, ಈ ಅಪಾಯ ಮೊದಲೇ ಹೆಚ್ಚು. ಮೇಲಿಂದ ಎದೆಯಲ್ಲಿ ಕಫ ಕಟ್ಟುತ್ತದೆ, ಕರುಳು ಮಂದವಾಗುತ್ತದೆ, ತೊಡೆಯ ಬಲ ಇಳಿಯುತ್ತದೆ.

ಹೊಲಿಗೆಯ ಮಾತಿಗೆ ಬರೋಣ. ಹೊಟ್ಟೆಯಿಂದ ತಂದ ಭಾಗದ ರಕ್ತನಾಳಗಳನ್ನು ಎದೆಯ ರಕ್ತನಾಳಗಳಿಗೆ ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಜೋಡಿಸಿರುತ್ತಾರೆ. ನಾಲ್ಕು ಹೆಜ್ಜೆ ನಡೆದರೆ ಅದು ಕಿತ್ತು ಬರುವುದಿಲ್ಲ. ಅದಕ್ಕೆ ಕೆಡುಕು ಮಾಡುವುದು ಬೇರೆ: ಎದೆ ಒತ್ತುವಂತೆ ಬೋರಲು ಮಲಗುವುದು, ಬಿಗಿ ಬಟ್ಟೆ, ಭಾರ ಎತ್ತುವುದು, ಬೀಡಿ, ಸಿಗರೇಟು. ಮೊದಲ 72 ಗಂಟೆ ದಾದಿಯರು ಮತ್ತೆ ಮತ್ತೆ ಬಂದು ಹೊಸ ಸ್ತನದ ಬಣ್ಣ, ಬಿಸುಪು ನೋಡುತ್ತಾರೆ, ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ; ಅದರೊಳಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ತಿಳಿಯಲು. ನಿದ್ದೆ ಕೆಡಿಸುತ್ತಾರೆಂದು ಗೊಣಗಬೇಡಿ.

ನಡೆಯುವುದೆಂದರೆ ಮೆರವಣಿಗೆಯಲ್ಲ. ಮಂಚದ ತಲೆದೆಸೆ ಎತ್ತಿ, ಮಗ್ಗುಲಾಗಿ, ಕಾಲು ಇಳಿಬಿಟ್ಟು ಒಂದು ನಿಮಿಷ ಕೂರುವುದು. ಆಮೇಲೆ ಗಾಯದೊಳಗಿನ ದ್ರವ ಇಳಿದು ಸೇರುವ ಡ್ರೇನ್ ಬಾಟಲಿಗಳನ್ನು ಬಟ್ಟೆಯ ಚೀಲದಲ್ಲಿ ಇಳಿಬಿಟ್ಟುಕೊಂಡು ಕುರ್ಚಿಯವರೆಗೆ. ಹೊಟ್ಟೆಯ ಹೊಲಿಗೆ ಬಿಗಿಯಾಗಿರುವುದರಿಂದ ಕೆಲವು ದಿನ ಸೊಂಟ ಬಗ್ಗಿಸಿಯೇ ನಡೆಯಬೇಕು. ನೆಟ್ಟಗೆ ನಿಲ್ಲಿ ಎಂದು ನೀವು ಗದರಬೇಡಿ. ನೋವು ತಡೆಯಲು ಹೊಟ್ಟೆಯ ನರಗಳಿಗೆ ಮರಗಟ್ಟಿಸುವ ಮದ್ದು, ಪ್ಯಾರಸಿಟಮಾಲ್‌ನಂಥವನ್ನು ಮೊದಲೇ ಕೊಟ್ಟಿರುತ್ತಾರೆ. ಮಂಪರು, ವಾಕರಿಕೆ ತರುವ ಮಾರ್ಫಿನ್ ಜಾತಿಯ ಮದ್ದನ್ನು ಆದಷ್ಟು ತಗ್ಗಿಸುತ್ತಾರೆ. ಮಾತ್ರೆಯಲ್ಲೇ ನೋವು ಹಿಡಿತಕ್ಕೆ ಬಂದು, ಊಟ ಸೇರಿ, ಬಚ್ಚಲಿಗೆ ತಾವೇ ಹೋಗುವಂತಾದ ಮೇಲೆಯೇ ಮನೆಗೆ. ಹಾಸಿಗೆ ಬೇಗ ಖಾಲಿಯಾಗುವುದು ಇದರ ಫಲ, ಉದ್ದೇಶವಲ್ಲ.

ನೀವು ಕೇಳಿಲ್ಲ, ಆದರೂ ಊಟದ ಮಾತು ಬಂದಿತಲ್ಲ. ಮನೆಗೆ ಬಂದ ಕೂಡಲೇ ಯಾರಾದರೊಬ್ಬರು ‘ನಂಜು’ ಎಂದು ಮೊಟ್ಟೆ, ಬೇಳೆ, ಬದನೆಕಾಯಿ ಎಲ್ಲ ನಿಲ್ಲಿಸಿ ಗಂಜಿಗೆ ಕೂರಿಸುತ್ತಾರೆ. ಗಾಯದಲ್ಲಿ ಕೀವಾಗುವುದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲ್ಲ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. ಮನೆಯ ಹಿರಿಯರು ಒಪ್ಪದಿದ್ದರೆ ಬದನೆಕಾಯಿ ಬಿಟ್ಟುಕೊಡಿ, ಜಗಳ ಬೇಡ. ಮೊಟ್ಟೆ, ಬೇಳೆ, ಮೊಸರನ್ನು ಮಾತ್ರ ಬಿಟ್ಟುಕೊಡಬೇಡಿ.