ದಪ್ಪ ನಳಿಗೆ ಹಿಡಿದರೆ ಹತ್ತು ಬೀಳುತ್ತದೆಯೇ?

ಬಳ್ಳಾರಿಯ ಕಬ್ಬಿಣದ ಅಂಗಡಿಯಲ್ಲಿ ರಾಡು ಕೇಳಿದರೆ "ಎಂಟರದ್ದಾ, ಹದಿನಾರರದ್ದಾ?" ಎನ್ನುತ್ತಾರೆ. ಎಂಟು ಮಿಲಿಮೀಟರ್, ಹದಿನಾರು ಮಿಲಿಮೀಟರ್. ಮೊನ್ನೆ ಎರಡರದ್ದೂ ತುಂಡು ತಗೊಂಡು, ಒಂದೊಂದನ್ನೂ ವೈಸಿಗೆ ಬಿಗಿದು, ಒಂದು ಮೀಟರ್ ಹೊರಚಾಚಿದ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದೆ. ಎಂಟರದ್ದು ಎಂಟು ಸೆಂಟಿಮೀಟರಿನಷ್ಟು ಜಗ್ಗಿತು. ಹದಿನಾರರದ್ದು ಬರೀ ಅರ್ಧ ಸೆಂಟಿಮೀಟರ್. "ಎಂಟರದ್ದು ರಿಂಗ್ ಕಟ್ಟಾಕ ಸರ, ಭಾರ ಹೊರಾಕಲ್ಲ" ಎಂದ ಅಂಗಡಿಯ ಹುಡುಗ.

ಇದನ್ನೆಲ್ಲ ಮಾಡಿದ್ದು ಅಕ್ಕನ ಮಗಳಿಗಾಗಿ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂಟೂ (0.22 ಇಂಚು ತೂತಿನ) ರೈಫಲ್ ಹಿಡಿದವಳು ಈಗ 50 ಮೀಟರ್ ಗುರಿಯ ಬೆನ್ನು ಹತ್ತಿದ್ದಾಳೆ. "ಮಾಮಾ, ದಪ್ಪ ನಳಿಗೇದ್ದು ಹಿಡಿದ್ರ ಹತ್ತು ಬೀಳ್ತಾವೇನು?" ಎಂದು ಕೇಳಿದಳು. ನಳಿಗೆ ಎಂದರೆ ಗುಂಡು ಹೊರಡುವ ಕೊಳವೆ, ಹತ್ತು ಎಂದರೆ ಗುರಿಯ ನಟ್ಟನಡುವಿನ ವೃತ್ತಕ್ಕೆ ಸಿಗುವ ಅಂಕ. ಎನ್‌ಸಿಸಿ ರೈಫಲ್ಲಿನದು ತೆಳು ನಳಿಗೆ. ಸ್ಪರ್ಧೆಗೆ ಬರುವವರ ಕೈಯಲ್ಲಿರುವುದು ಬಾಯಿಂದ ಬುಡದವರೆಗೂ ಒಂದೇ ದಪ್ಪದ, ಒನಕೆಯಂಥ ನಳಿಗೆ. ಆ ವ್ಯತ್ಯಾಸ ಅವಳ ಕಣ್ಣಿಗೆ ಬಿದ್ದಿತ್ತು.

ರಾಡಿನ ಲೆಕ್ಕ ಇಲ್ಲಿಗೂ ಸಲ್ಲುತ್ತದೆ. ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟಾಗುತ್ತದೆ, ಬಾಗದೆ ನಿಲ್ಲುವ ಬಿಗಿತ ಹದಿನಾರು ಪಟ್ಟಾಗುತ್ತದೆ. ತೆಳು ನಳಿಗೆ ಬಾಯಿಯ ಹತ್ತಿರ 15 ಮಿ.ಮೀ., ದಪ್ಪದ್ದು 23 ಮಿ.ಮೀ. ಎಂದಿಟ್ಟುಕೊಳ್ಳಿ. ನಡುವಿನ 5.6 ಮಿ.ಮೀ. ತೂತನ್ನು ಕಳೆದರೂ ದಪ್ಪದ್ದು ಐದೂವರೆ ಪಟ್ಟು ಬಿಗಿ, ತೂಕ ಮಾತ್ರ ಎರಡೂವರೆ ಪಟ್ಟು.

ಬಿಗಿತದಿಂದ ಏನು ಲಾಭ? ಈ ರೈಫಲ್‌ಗೆ ಹಾಕುವ 'ಲಾಂಗ್ ರೈಫಲ್' ಎಂಬ ತೋಟಾ 1887ರಿಂದಲೂ ಇದೆ. ಪಿನ್ನು ಬುಡದ ಅಂಚಿಗೆ ಬಡಿದಾಗ ಅಲ್ಲಿನ ಮಸಾಲೆ ಕಿಡಿ ಹತ್ತಿ, 2.6 ಗ್ರಾಂ ಸೀಸದ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಗೆಯೊಳಗೆ ಅದು ಇರುವುದು ಸೆಕೆಂಡಿನ ಸಾವಿರದ ಎರಡು-ಮೂರು ಪಾಲು ಹೊತ್ತು. ಅಷ್ಟರಲ್ಲೇ ನಳಿಗೆ ವೈಸಿಗೆ ಕಚ್ಚಿಸಿದ ರಾಡಿನ ಹಾಗೆ ಅದುರತೊಡಗುತ್ತದೆ. 50 ಮೀಟರ್ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿ.ಮೀ. 60 ಸೆಂ.ಮೀ. ಉದ್ದದ ನಳಿಗೆಯ ಬಾಯಿ 0.06 ಮಿ.ಮೀ., ಅಂದರೆ ಒಂದು ತಲೆಗೂದಲಿನಷ್ಟು, ಓರೆಯಾದರೆ ಗುಂಡು ಅಲ್ಲಿ 5 ಮಿ.ಮೀ. ಸರಿದಿರುತ್ತದೆ.

ಹಾಗಂತ ಅದುರುವುದೇ ತಪ್ಪಲ್ಲ. ಪ್ರತಿ ಸಲವೂ ಒಂದೇ ರೀತಿ ಅದುರಿದರೆ ಗುಂಡು ಒಂದೇ ಕಡೆ ಬೀಳುತ್ತದೆ, ಗುರಿ ನೋಡುವ ಸೈಟ್ ತಿದ್ದಿಕೊಂಡರಾಯಿತು. ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದಿದ್ದಾಗ ಗ್ರೂಪಿಂಗ್, ಅಂದರೆ ಗುಂಡುಗಳ ಗುಂಪು, ಚದುರುತ್ತದೆ. ದಪ್ಪ ನಳಿಗೆ ಕಡಿಮೆ ಅದುರುವುದರಿಂದ ಆ ಏರುಪೇರೂ ಚಿಕ್ಕದಾಗುತ್ತದೆ. ಕೈ ಒತ್ತಡ ತುಸು ಬದಲಾದರೂ ಅದು ಸಹಿಸಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ದಪ್ಪ ನಳಿಗೆಯ ದೊಡ್ಡ ಗುಣ ಇದೇ.

ದಪ್ಪ ನಳಿಗೆ ಬೇಗ ಕಾಯುವುದಿಲ್ಲ ಎಂಬ ವಾದವನ್ನೂ ಕೇಳುತ್ತೇವೆ. ದೊಡ್ಡ ರೈಫಲ್‌ಗಳಿಗೆ ಅದು ನಿಜ. ಪಾಯಿಂಟ್ ಟೂಟೂದಲ್ಲಿ ಮದ್ದು ಒಂದು ಚಿಟಿಕೆಯೂ ಇರುವುದಿಲ್ಲ. ನಿಧಾನವಾಗಿ ಹತ್ತು ಗುಂಡು ಹಾರಿಸಿದಾಗ ಕಾಯುವುದಕ್ಕಿಂತ, ನಮ್ಮ ಬಳ್ಳಾರಿಯ ಮೇ ಬಿಸಿಲಿಗೆ ಹತ್ತು ನಿಮಿಷ ಇಟ್ಟಾಗ ನಳಿಗೆ ಹೆಚ್ಚು ಕಾಯುತ್ತದೆ. ಕಾದ ನಳಿಗೆಯ ಮೇಲೆ ಗಾಳಿ ನಡುಗಿ ಗುರಿಯೇ ಮಸುಕಾಗುತ್ತದೆ. ಆದ್ದರಿಂದ ರೈಫಲ್ಲನ್ನು ನೆರಳಿನಲ್ಲಿಡಿ.

ಇನ್ನು ತೋಟಾ. ಎಲ್ಲರೂ ನಳಿಗೆಯನ್ನೇ ನೋಡುತ್ತಾರೆ, ಇದನ್ನು ಮರೆಯುತ್ತಾರೆ. 50 ಮೀಟರ್ ದಾಟುವಷ್ಟರಲ್ಲಿ ಗುಂಡು ಸುಮಾರು 12 ಸೆಂ.ಮೀ. ಕೆಳಗಿಳಿಯುತ್ತದೆ. ಒಂದು ತೋಟಾದಿಂದ ಇನ್ನೊಂದಕ್ಕೆ ಸೆಕೆಂಡಿಗೆ 10 ಮೀಟರ್ ವೇಗ ಕಡಿಮೆಯಾದರೆ ಇನ್ನೂ 7-8 ಮಿ.ಮೀ. ಕೆಳಗೆ ಬೀಳುತ್ತದೆ. ಹತ್ತರ ವೃತ್ತದ ಮುಕ್ಕಾಲು ಪಾಲು ಅಲ್ಲೇ ಹೋಯಿತು! ಅದನ್ನು ನಳಿಗೆಯ ದಪ್ಪ ಸರಿಮಾಡಲಾರದು. ಅದಕ್ಕೇ ಅನುಭವಿ ಶೂಟರ್‌ಗಳು ಬೇರೆ ಬೇರೆ ಲಾಟಿನ (ಒಟ್ಟಿಗೆ ತಯಾರಾದ ಕಂತಿನ) ತೋಟಾ ಹಾರಿಸಿ ನೋಡಿ, ತಮ್ಮ ನಳಿಗೆಗೆ ಒಗ್ಗಿದ ಲಾಟನ್ನೇ ಸಾಕಷ್ಟು ತೆಗೆದಿಡುತ್ತಾರೆ. ವೇಗ ಹೆಚ್ಚಿದ್ದರೆ ಒಳ್ಳೆಯದೆಂಬುದೂ ಇಲ್ಲಿ ನಡೆಯುವುದಿಲ್ಲ. ಶಬ್ದಕ್ಕಿಂತ ವೇಗವಾಗಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಓಲಾಡಬಹುದು. ಗುರಿಯ ತೋಟಾಗಳನ್ನು ಮೊದಲಿಂದಲೇ ಶಬ್ದಕ್ಕಿಂತ ನಿಧಾನವಾಗಿ ಮಾಡಿರುತ್ತಾರೆ.

ತೂಕದ ಮಾತು ಉಳಿಯಿತು. ಮುಂದೆ ಭಾರವಿದ್ದರೆ ಬಾಯಿ ತಟಕ್ಕನೆ ಅಲುಗುವುದಿಲ್ಲ, ಮಲಗಿ ಹೊಡೆಯುವವರಿಗೆ ಅದು ವರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ: ಮಂಡಿಯೂರಿ, ಮಲಗಿ, ನಿಂತು. ನಿಂತಾಗ ಅದೇ ಭಾರ ಹೆಗಲಿಗೆ ಬರುತ್ತದೆ. ಸಣಕಲು ಮೈಯ ಹುಡುಗಿಗೆ ಇಪ್ಪತ್ತನೇ ಗುಂಡಿನ ಹೊತ್ತಿಗೆ ತೋಳು ನಡುಗಿದರೆ ಬಿಗಿತದಿಂದ ಬಂದದ್ದು ಅಲ್ಲೇ ಕರಗುತ್ತದೆ. ಹಾಗಾಗಿ ಅವಳಿಗೆ ಇದೇ ಕೊಳ್ಳು ಎಂದು ಹೇಳಲಿಲ್ಲ. ಎರಡರಲ್ಲೂ ಒಂದೇ ಲಾಟಿನ ತೋಟಾ ಹಾಕಿ, ಹತ್ತತ್ತರಂತೆ ಐದು ಕಾಗದ ಹೊಡೆದು ನೋಡು ಎಂದೆ. ಮೂರು ಗುಂಡು ಒಂದೇ ತೂತಿನಲ್ಲಿ ಹೋದರೆ ಅದು ಅದೃಷ್ಟವೂ ಇರಬಹುದು.

ಅದಕ್ಕೂ ಮೊದಲು ಎರಡು ಪರೀಕ್ಷೆ ಹೇಳಿಕೊಟ್ಟೆ. ತೋಟಾ ಕೂರುವ ಚೇಂಬರ್ ಖಾಲಿಯಿದೆಯೆಂದು ಕೋಚ್ ಎರಡು ಸಲ ನೋಡಿದ ಮೇಲೆ, ತೆಳು ನಳಿಗೆಯ ರೈಫಲ್ ತಗೊಂಡು ಅದರ ಬಾಯಂಚಿನ ಸುತ್ತ ಹತ್ತಿ ಸವರಿದಳು. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಚೂರು ಮುಳ್ಳೆದ್ದಿದ್ದರೂ ಹತ್ತಿಯ ಎಳೆ ಕಚ್ಚುತ್ತದೆ, ಗುಂಡು ಓರೆಯಾಗುತ್ತದೆ. ಎಳೆ ಎಲ್ಲೂ ಸಿಕ್ಕಲಿಲ್ಲ. ಆಮೇಲೆ ಹತ್ತು ರೂಪಾಯಿ ನೋಟನ್ನು ನಳಿಗೆಗೂ ಮರದ ಹಿಡಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆದಳು. ನೋಟು ಸರಾಗ ಹೋಗಬೇಕು; ಮರ ತಾಗಿದರೆ ನಳಿಗೆ ಅದುರುವ ರೀತಿಯೇ ಬದಲಾಗುತ್ತದೆ. ಮುಂದಿನ ತುದಿಯಿಂದ ಎರಡು ಬೆರಳಷ್ಟು ಹೋಗಿ ಎಡಗಡೆ ಸಿಕ್ಕಿಕೊಂಡಿತು.

"ಮಾಮಾ, ಇಲ್ಲಿ ಮರ ತಾಗಾಕತ್ತೈತಿ" ಎಂದಳು. ಹಿಂದಿನ ವಾರದ ಅವಳ ಕಾಗದ ತೆಗೆದು ನೋಡಿದೆವು. ತೂತುಗಳು ಬಲಕ್ಕೆ ಎಳೆದುಕೊಂಡು ಹೋಗಿದ್ದವು.