ಯಾರನ್ನೂ ನಂಬದ ಸ್ಟಾಲಿನ್ ಏಮಾರಿದ್ದು ಹೇಗೆ?

ಪ್ರಶ್ನೆ: ಸರ್ವಾಧಿಕಾರಿಗಳು ತಮ್ಮ ನೆರಳನ್ನೂ ನಂಬುವುದಿಲ್ಲ ಅಂತಾರೆ. ಅಷ್ಟು ಅನುಮಾನ ಇರುವವರು ಮೋಸ ಹೋಗಬಾರದಲ್ವಾ? ಹಾಗಿದ್ದರೆ ಸ್ಟಾಲಿನ್ 1941ರಲ್ಲಿ ಹಿಟ್ಲರ್‌ನನ್ನು ನಂಬಿ ಕೆಟ್ಟಿದ್ದು, ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದಾಗ ಏಮಾರಿದ್ದು ಹೇಗೆ?

ಉತ್ತರ: ಈ ಪ್ರಶ್ನೆಯೊಳಗೇ ಒಂದು ಸಣ್ಣ ಎಡವಟ್ಟಿದೆ, ಮೊದಲು ಅದನ್ನು ಬಿಡಿಸೋಣ. ಸ್ಟಾಲಿನ್ ಹಿಟ್ಲರ್‌ನನ್ನು ನಂಬಿರಲಿಲ್ಲ. 1939ರ ಆಗಸ್ಟ್‌ನಲ್ಲಿ ಇಬ್ಬರೂ ಪರಸ್ಪರ ದಾಳಿ ಮಾಡುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡಾಗಲೇ ಇದು ಬಹಳ ದಿನ ಬಾಳುವ ಸ್ನೇಹ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಅವನು ಕೊನೆಯವರೆಗೂ ನಂಬಿದ್ದು ತನ್ನ ಅನುಮಾನವನ್ನು. ಕೆಟ್ಟಿದ್ದೂ ಅದರಿಂದಲೇ.

ಅವನ ದೊಡ್ಡ ಅನುಮಾನ ಇದ್ದದ್ದು ಬ್ರಿಟನ್ ಮೇಲೆ. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿದ್ದ ಮೇಲೆ ಬ್ರಿಟನ್ ಹೆಚ್ಚುಕಡಿಮೆ ಒಂಟಿಯಾಗಿತ್ತು. ರಷ್ಯವನ್ನು ಹೇಗಾದರೂ ಜರ್ಮನಿಯ ಮೇಲೆ ಎತ್ತಿಕಟ್ಟಿದರೆ ಅದಕ್ಕೆ ಲಾಭ. ಈ ಲೆಕ್ಕ ತಪ್ಪೇನಲ್ಲ. ಆದರೆ ಸ್ಟಾಲಿನ್ ಇದೊಂದೇ ಕನ್ನಡಕದಲ್ಲಿ ಎಲ್ಲವನ್ನೂ ನೋಡತೊಡಗಿದ. 1941ರ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ಚರ್ಚಿಲ್ ಎಚ್ಚರಿಕೆ ಕಳಿಸಿದಾಗ ಅದು ಬ್ರಿಟಿಷರ ಆಟ ಅನ್ನಿಸಿತು. ಮೇ 10ರಂದು ಹಿಟ್ಲರ್‌ನ ಆಪ್ತ ರುಡಾಲ್ಫ್ ಹೆಸ್ ತಾನೇ ವಿಮಾನ ಹಾರಿಸಿಕೊಂಡು ಸ್ಕಾಟ್ಲೆಂಡ್‌ಗೆ ಹೋಗಿ ಇಳಿದಾಗ, ಬ್ರಿಟಿಷರೂ ಜರ್ಮನರೂ ಒಳಗೊಳಗೇ ಏನೋ ಕುದುರಿಸುತ್ತಿದ್ದಾರೆ ಅನ್ನಿಸಿತು. ಟೋಕಿಯೊದಿಂದ ಸೋವಿಯತ್ ಗೂಢಚಾರ ರಿಚರ್ಡ್ ಸೋರ್ಗೆ ಕಳಿಸಿದ ಸುದ್ದಿಯ ಮೇಲೂ ಅದೇ ಅನುಮಾನ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತೇವಲ್ಲ, ಹಾಗೆ. ಇಲ್ಲಿನ ವಿಚಿತ್ರ ಏನೆಂದರೆ, ಎಚ್ಚರಿಕೆ ಜಾಸ್ತಿ ಬಂದಷ್ಟೂ ಅವನ ಅನುಮಾನ ಜಾಸ್ತಿಯಾಯಿತು. ಇಷ್ಟೊಂದು ಜನ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಯಾರೋ ಹೇಳಿಸುತ್ತಿದ್ದಾರೆ ಅಂತ.

ಜೂನ್ 17ರಂದು ರಾಜ್ಯ ಭದ್ರತೆಯ ಮುಖ್ಯಸ್ಥ ಮೆರ್ಕುಲೋವ್ ಒಂದು ವರದಿ ಕಳಿಸಿದ. ಬರ್ಲಿನ್‌ನಲ್ಲಿ ಜರ್ಮನ್ ವಾಯುಪಡೆಯ ಒಳಗೇ ಇದ್ದ ಒಬ್ಬ ಮನುಷ್ಯ ತಿಳಿಸಿದ್ದು ಇಷ್ಟು: ತಯಾರಿ ಎಲ್ಲ ಮುಗಿದಿದೆ, ದಾಳಿ ಯಾವ ಗಳಿಗೆಯಲ್ಲಾದರೂ ಆಗಬಹುದು. ಸ್ಟಾಲಿನ್ ಆ ಹಾಳೆಯ ಮೇಲೇ ಷರಾ ಬರೆದ. ನಿಮ್ಮ ಈ ಮನುಷ್ಯನನ್ನು ಅವನ ತಾಯಿಯ ಹತ್ತಿರ ಕಳಿಸಿ, ಇವನು ಸುದ್ದಿ ಕೊಡುವವನಲ್ಲ, ಸುಳ್ಳು ಹಬ್ಬಿಸುವವನು ಎಂಬ ಅರ್ಥದಲ್ಲಿ. ಮೂಲದಲ್ಲಿರುವ ಬೈಗುಳವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ದಾಳಿಗೆ ಆಗ ಉಳಿದಿದ್ದದ್ದು ಐದು ದಿನ.

ಇದು ಒಬ್ಬನ ತಲೆಯೊಳಗಿನ ಕಥೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಅವನ ಸುತ್ತ ಇದ್ದವರ ಕಥೆ. ಕೆಂಪು ಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥನ ಕುರ್ಚಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕೂತಿದ್ದ ಬೆರ್ಜಿನ್ ಮತ್ತು ಉರಿಟ್ಸ್ಕಿ, ಇಬ್ಬರನ್ನೂ 1938ರಲ್ಲಿ ಗುಂಡಿಟ್ಟು ಕೊಂದರು. ಆಮೇಲೆ ಬಂದ ಪ್ರೊಸ್ಕುರೋವ್ ನೇರ ಮಾತಿನ ಮನುಷ್ಯ. 1940ರ ಜುಲೈನಲ್ಲಿ ಅವನನ್ನು ಕಿತ್ತುಹಾಕಿ ಫಿಲಿಪ್ ಗೋಲಿಕೋವ್‌ನನ್ನು ತಂದು ಕೂರಿಸಿದರು. ಈಗ ಗೋಲಿಕೋವ್ ಜಾಗದಲ್ಲಿ ನೀವು ಇದ್ದೀರಿ ಅಂದುಕೊಳ್ಳಿ. ಏನು ಬರೆಯುತ್ತೀರಿ?

ಅವನು ಬರೆದದ್ದನ್ನು ಓದಿದರೆ ಪಾಪ ಅನ್ನಿಸುತ್ತದೆ, ನಗುವೂ ಬರುತ್ತದೆ. 1941ರ ಮಾರ್ಚ್ 20ರ ವರದಿ ಅದು. ಜರ್ಮನರು ಹೇಗೆ ನುಗ್ಗಬಹುದು ಎಂಬ ವಿವರಗಳೆಲ್ಲ ಒಳಗಿವೆ. ಮೂರು ಸೇನಾಗುಂಪು, ಲೆನಿನ್‌ಗ್ರಾಡ್, ಮಾಸ್ಕೋ, ಕೀವ್ ಕಡೆಗೆ ಎಂಬ ಲೆಕ್ಕವೂ ಇದೆ. ಮುಂದೆ ಆದದ್ದೂ ಹೆಚ್ಚುಕಡಿಮೆ ಅದೇ. ಆದರೆ ಕೊನೆಯ ಪುಟದ ತೀರ್ಮಾನ ನೋಡಿ: ಈ ವಸಂತದಲ್ಲಿ ಯುದ್ಧ ಅನ್ನುವ ಸುದ್ದಿಗಳನ್ನು ಬ್ರಿಟಿಷ್ ಅಥವಾ ಜರ್ಮನ್ ಗುಪ್ತಚರರು ಹಬ್ಬಿಸಿದ ಸುಳ್ಳು ಅಂತ ತಿಳಿಯಬೇಕು. ನಾಳೆ ದಾಳಿ ಆದರೆ ‘ನಾನು ಬರೆದಿದ್ದೆ’ ಅನ್ನಬಹುದು. ಆಗದಿದ್ದರೆ ‘ನಾನೂ ನಂಬಿರಲಿಲ್ಲ’ ಅನ್ನಬಹುದು. ಪ್ರೊಸ್ಕುರೋವ್‌ನನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಂದರು. ಗೋಲಿಕೋವ್ ಬದುಕಿದ, 1961ರಲ್ಲಿ ಮಾರ್ಷಲ್ ಕೂಡ ಆದ.

ಸೇನೆಯ ಸ್ಥಿತಿಯೂ ಹೀಗೇ ಇತ್ತು. 1937ಕ್ಕೆ ಮುಂಚೆ ಇದ್ದ ಐವರು ಮಾರ್ಷಲ್‌ಗಳಲ್ಲಿ ತುಖಚೆವ್ಸ್ಕಿ, ಬ್ಲ್ಯೂಖರ್, ಯೆಗೊರೋವ್ ಎಂಬ ಮೂವರು ಸ್ಟಾಲಿನ್‌ನ ‘ಶುದ್ಧೀಕರಣ’ಕ್ಕೆ, ಅಂದರೆ ಅನುಮಾನ ಬಂದವರನ್ನೆಲ್ಲ ಹಿಡಿದು ಮುಗಿಸುವ ಕಾರ್ಯಾಚರಣೆಗೆ, ಬಲಿಯಾಗಿದ್ದರು. ಉಳಿದವರಿಗೆ ಪಾಠ ಅರ್ಥವಾಗಿತ್ತು. ಮೇಜಿನ ಆಚೆ ಕಡೆ ‘ಇಲ್ಲ ಸಾರ್, ತಪ್ಪು’ ಅನ್ನುವ ಮನುಷ್ಯನೇ ಇಲ್ಲದ ಹಾಗಾಯಿತು. ಒಂಟಿತನ ಅಂದರೆ ಸುತ್ತ ಜನ ಇಲ್ಲದಿರುವುದು ಅಂತ ನಾವು ತಿಳಿಯುತ್ತೇವೆ. ಸ್ಟಾಲಿನ್ ಸುತ್ತ ಪ್ರತಿ ರಾತ್ರಿ ಊಟಕ್ಕೆ ಜನ ಇರುತ್ತಿದ್ದರು. ಎಲ್ಲರೂ ಅವನ ಮುಖ ನೋಡಿ ಮಾತಾಡುವವರು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಬಂದ ಎಚ್ಚರಿಕೆಗಳಲ್ಲಿ ಬೇರೆ ಬೇರೆ ತಾರೀಖುಗಳಿದ್ದವು. ಎಷ್ಟೋ ತಾರೀಖುಗಳು ಏನೂ ಆಗದೆ ಕಳೆದುಹೋದವು. ‘ತೋಳ ಬಂತು ತೋಳ’ ಕಥೆಯಂತಾಯಿತು. ಜರ್ಮನರೂ ಬೇಕಂತಲೇ ಸುಳ್ಳು ಸುದ್ದಿ ಬಿಡುತ್ತಿದ್ದರು. ಬ್ರಿಟನ್ ಇನ್ನೂ ಸೋಲದಿರುವಾಗ ಹಿಟ್ಲರ್ ಎರಡು ಕಡೆ ಯುದ್ಧ ಹೂಡುವಷ್ಟು ದಡ್ಡನಲ್ಲ ಎಂಬ ತರ್ಕವೂ ಗಟ್ಟಿಯಾಗಿಯೇ ಇತ್ತು. ಹಿಟ್ಲರ್ ಆ ದಡ್ಡತನ ಮಾಡಿದ, ಅಷ್ಟೇ. ಅವನ ಸುತ್ತಲೂ ಹೂಂಗುಟ್ಟುವವರೇ ಇದ್ದರು.

ಜೂನ್ 21ರ ರಾತ್ರಿ ಒಬ್ಬ ಜರ್ಮನ್ ಸೈನಿಕ ಗಡಿ ದಾಟಿ ಬಂದು, ಬೆಳಗಾಗುವ ಮುಂಚೆ ದಾಳಿ ಆಗುತ್ತದೆ ಅಂದ. ಮಧ್ಯರಾತ್ರಿ ದಾಟಿದ ಮೇಲೆ ಮಾಸ್ಕೋದಿಂದ ಆದೇಶ ಹೊರಟಿತು. ಎಚ್ಚರವಾಗಿರಿ, ಆದರೆ ಯಾವುದೇ ಪ್ರಚೋದನೆಗೆ ಒಳಗಾಗಬೇಡಿ ಅಂತ. ಗೋಲಿಕೋವ್‌ನ ವರದಿಯಂತೆ ಇದಕ್ಕೂ ಎರಡು ನಾಲಿಗೆ. ಆದೇಶ ಎಷ್ಟೋ ಪಡೆಗಳಿಗೆ ತಲುಪುವ ಮೊದಲೇ 30 ಲಕ್ಷಕ್ಕೂ ಜಾಸ್ತಿ ಸೈನಿಕರ ದಾಳಿ ಶುರುವಾಗಿತ್ತು. ಸೋವಿಯತ್ ಲೆಕ್ಕದಲ್ಲೇ ಮೊದಲ ದಿನ ಸುಮಾರು 1,200 ವಿಮಾನ ಹೋದವು. ಹೆಚ್ಚಿನವು ನೆಲದ ಮೇಲೆ ನಿಂತಲ್ಲೇ ಸುಟ್ಟವು. ಆಮೇಲೆ ತಪ್ಪು ಯಾರದು ಅಂತ ಹುಡುಕಿದರು. ಪಶ್ಚಿಮ ಗಡಿಯ ದಂಡನಾಯಕ ಪಾವ್ಲೋವ್‌ನನ್ನು ಜುಲೈನಲ್ಲಿ ಕೊಂದರು. ಮತ್ತೆ ಅದೇ ಪಾಠ, ಮತ್ತಷ್ಟು ಮೌನ. ಕೀವ್ ಬಿಟ್ಟು ಹಿಂದೆ ಸರಿಯೋಣ ಅಂದ ಝುಕೋವ್ ಆ ತಿಂಗಳ ಕೊನೆಗೆ ಸೇನಾ ಮುಖ್ಯಸ್ಥನ ಹುದ್ದೆ ಕಳೆದುಕೊಂಡ. ಸೆಪ್ಟೆಂಬರ್‌ನಲ್ಲಿ ಕೀವ್ ಸುತ್ತ ಸಿಕ್ಕಿಬಿದ್ದು ಸೆರೆಯಾದವರು ಜರ್ಮನ್ ಲೆಕ್ಕದ ಪ್ರಕಾರ 6 ಲಕ್ಷಕ್ಕೂ ಹೆಚ್ಚು.

ಇವತ್ತಿನ ಉದಾಹರಣೆ ಬೇಕು ಅನ್ನುವವರು 2022ರ ಫೆಬ್ರವರಿ 21ರ ರಷ್ಯದ ಭದ್ರತಾ ಮಂಡಳಿಯ ವಿಡಿಯೊ ನೋಡಿ. ಪುಟಿನ್ ಒಂದು ಕಡೆ, ಉಳಿದವರೆಲ್ಲ ದೂರದಲ್ಲಿ ಸಾಲಾಗಿ ಕುರ್ಚಿ ಹಾಕಿಕೊಂಡು. ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ನರಿಷ್ಕಿನ್ ಎದ್ದು ನಿಂತು ತಡವರಿಸುತ್ತಾರೆ. ಪುಟಿನ್ ‘ನೇರವಾಗಿ ಹೇಳಿ’ ಅಂತ ಗದರುತ್ತಾರೆ. ಗಾಬರಿಯಲ್ಲಿ ಆ ಮನುಷ್ಯ ಕೇಳದೇ ಇದ್ದ ಪ್ರಶ್ನೆಗೇ ಉತ್ತರ ಕೊಟ್ಟುಬಿಡುತ್ತಾರೆ. ಮೂರು ದಿನ ಬಿಟ್ಟು ಉಕ್ರೇನ್ ಮೇಲೆ ದಾಳಿ. ಟೀವಿ ಮುಂದೆಯೇ ಹೀಗಾದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾರು ಬಾಯಿ ಬಿಡುತ್ತಾರೆ?

ನಮ್ಮಲ್ಲೂ ಇದರ ಒಂದು ಸಣ್ಣ ರೂಪ ಆಗಿಹೋಗಿದೆ. ಇಂದಿರಾ ಗಾಂಧಿಯವರನ್ನು ಸ್ಟಾಲಿನ್ ಜೊತೆ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಆದರೆ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದ ಮೇಲೆ ಊರಿನ ಸುದ್ದಿ ಅವರಿಗೂ ಸರಿಯಾಗಿ ತಲುಪುವ ದಾರಿ ಉಳಿಯಲಿಲ್ಲ. 1977ರ ಜನವರಿಯಲ್ಲಿ ಅವರು ಚುನಾವಣೆ ಏಕೆ ಕರೆದರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೋಲುತ್ತೇನೆ ಅಂದುಕೊಂಡಂತೂ ಕರೆದಿರಲಾರರು. ಬಲವಂತದ ಸಂತಾನಹರಣದ ಸಿಟ್ಟು ಉತ್ತರದಲ್ಲಿ ಎಷ್ಟಿತ್ತು ಅಂದರೆ ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಬರಲಿಲ್ಲ. ರಾಯ್‌ಬರೇಲಿಯಲ್ಲಿ ಸ್ವತಃ ಅವರೇ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಅವರನ್ನು ಮತ್ತೆ ಸಂಸತ್ತಿಗೆ ಕಳಿಸಿತು. ನಮ್ಮಲ್ಲಿ ಮತಪೆಟ್ಟಿಗೆ ಇತ್ತು, ನಿಜ ಸುದ್ದಿ ತಡವಾಗಿಯಾದರೂ ಬಂತು.

ಸ್ಟಾಲಿನ್‌ಗೆ ಅದೂ ಇರಲಿಲ್ಲ. ನೀವು ಕೇಳದಿದ್ದರೂ ಅವನ ಕೊನೆಯನ್ನು ಹೇಳಿಬಿಡುತ್ತೇನೆ. 1953ರ ಮಾರ್ಚ್ 1ರಂದು ಮಾಸ್ಕೋ ಹೊರವಲಯದ ಬಂಗಲೆಯಲ್ಲಿ ಅವನು ಕೋಣೆಯಿಂದ ಹೊರಗೆ ಬರಲೇ ಇಲ್ಲ. ಕರೆಯದೆ ಒಳಗೆ ಹೋಗಲು ಕಾವಲಿನವರಿಗೆ ಧೈರ್ಯ ಇರಲಿಲ್ಲ. ರಾತ್ರಿ ಹೋಗಿ ನೋಡಿದಾಗ ಪಾರ್ಶ್ವವಾಯು ಹೊಡೆದು ನೆಲದ ಮೇಲೆ ಬಿದ್ದಿದ್ದ. ವೈದ್ಯರು ಬಂದಿದ್ದು ಮರುದಿನ ಬೆಳಿಗ್ಗೆ. ವರ್ಷಗಳಿಂದ ಅವನನ್ನು ನೋಡಿಕೊಂಡಿದ್ದ ವೈದ್ಯ ವಿನೊಗ್ರಾದೊವ್ ಆಗ ಜೈಲಿನಲ್ಲಿದ್ದರು, ನಾಯಕರನ್ನು ಕೊಲ್ಲುವ ಸಂಚಿನ ಆರೋಪದ ಮೇಲೆ. ಮಾರ್ಚ್ 5ಕ್ಕೆ ಸ್ಟಾಲಿನ್ ಸತ್ತ. ಸಂಚಿನ ಕಥೆ ಪೂರ್ತಿ ಸುಳ್ಳು ಅಂತ ಏಪ್ರಿಲ್ 4ರ ಪತ್ರಿಕೆಯಲ್ಲಿ ಬಂತು, ವೈದ್ಯರ ಬಿಡುಗಡೆಯೂ ಆಯಿತು.